ಚೌಕ ತಲೆಯ ಡ್ರೈವರ್



2007ರಲ್ಲಿ ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಒಂದು ತಗಡಿನ ಸದ್ದು ಕೇಳಿಬರತೊಡಗಿತು. ದೂರದಲ್ಲಿ ಆಡುತ್ತಿದ್ದವರೂ ತಿರುಗಿ ನೋಡುವಷ್ಟು ಜೋರು. ಅದು ಹೊರಡುತ್ತಿದ್ದುದು ನೈಕಿ ಕಂಪನಿಯ ಸುಮೋ ಸ್ಕ್ವೇರ್ಡ್ ಎಂಬ ಡ್ರೈವರಿನಿಂದ. ಅದರ ತಲೆ ದುಂಡಗಿರಲಿಲ್ಲ, ಚೌಕವಾಗಿತ್ತು. ಅದೇ ವರ್ಷ ಕ್ಯಾಲವೇ ಕಂಪನಿಯೂ ಎಫ್‌ಟಿ-ಐ ಎಂಬ ಚೌಕ ತಲೆಯ ಡ್ರೈವರನ್ನು ಅಂಗಡಿಗೆ ತಂದಿತು. ಇಬ್ಬರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಚೆಂಡು ತಲೆಯ ನಡುಭಾಗಕ್ಕೆ ತಾಗದಿದ್ದರೂ ಚಿಂತೆ ಬೇಡ, ಈ ಆಕಾರ ನಿಮ್ಮನ್ನು ಕಾಪಾಡುತ್ತದೆ. ಆಕಾರ ನಿಜಕ್ಕೂ ಕಾಪಾಡುತ್ತದೆಯೇ, ಕಾಪಾಡಿದರೆ ಯಾವ ತಪ್ಪಿನಿಂದ ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ಗಾಲ್ಫ್ ಆಡದವರಿಗಾಗಿ ಒಂದೆರಡು ಮಾತು. ಆಟಗಾರನ ಚೀಲದಲ್ಲಿ ಹದಿನಾಲ್ಕು ಕ್ಲಬ್‌ಗಳವರೆಗೆ ಇರಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದನೆಯ ಹಿಡಿ, ಎಲ್ಲಕ್ಕಿಂತ ದೊಡ್ಡ ತಲೆ ಇರುವುದು ಡ್ರೈವರ್. ಟೀ ಎಂಬ ಪುಟ್ಟ ಗೂಟದ ಮೇಲೆ ಚೆಂಡನ್ನಿಟ್ಟು ಮೊದಲ ಹೊಡೆತಕ್ಕೆ ಬಳಸುವ ಕ್ಲಬ್ ಅದು. ಚೆಂಡು ಇನ್ನೂರೈವತ್ತು, ಮುನ್ನೂರು ಗಜ ಹಾರಿ, ಹುಲ್ಲನ್ನು ಚೊಕ್ಕಟವಾಗಿ ಕತ್ತರಿಸಿದ ಫೇರ್‌ವೇ ಎಂಬ ಪಟ್ಟಿಯಲ್ಲಿ ಬೀಳಬೇಕು. ತಲೆಗೂ ಚೆಂಡಿಗೂ ಇರುವ ಸಂಪರ್ಕ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ನೂರೈವತ್ತು ವರ್ಷಗಳಿಂದ ಕ್ಲಬ್ ಮಾಡುವವರು ತಲೆ ಕೆಡಿಸಿಕೊಂಡಿರುವುದು ಆ ಒಂದು ಗಳಿಗೆಯ ಬಗ್ಗೆ.

ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಡ್ರೈವರಿನ ತಲೆ ಮರದ್ದು. ಉದ್ದ, ಕಿರಿದು, ಚಪ್ಪಟೆ. ಅದಕ್ಕೆ ಉದ್ದಮೂತಿಯ ಕ್ಲಬ್ ಎಂದೇ ಹೆಸರಿತ್ತು. ಚೆಂಡು ತೊಗಲಿನ ಚೀಲದೊಳಗೆ ಗರಿ ತುಂಬಿದ್ದಾಗಿದ್ದಷ್ಟು ಕಾಲ ಈ ಸಣಕಲು ತಲೆ ಬಾಳಿಕೆ ಬಂತು. 1848ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಮಾಡಿದ ಗಟ್ಟಿ ಚೆಂಡು ಬಂದಾಗ ತಲೆಗಳು ಸೀಳತೊಡಗಿದವು. ಹಾಗಾಗಿ ಮೂತಿ ಗಿಡ್ಡವಾಯಿತು, ಮೈ ದಪ್ಪವಾಯಿತು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ, ಈ ಬದಲಾವಣೆಯ ನಡುಗಾಲದಲ್ಲಿ. ಗಮನಿಸಬೇಕಾದ ಸಂಗತಿಯೆಂದರೆ, ಆಕಾರದ ಈ ಮೊದಲ ದೊಡ್ಡ ಬದಲಾವಣೆಗೆ ಗುರಿಯೂ ಕಾರಣವಲ್ಲ, ದೂರವೂ ಕಾರಣವಲ್ಲ. ಕ್ಲಬ್ ಮುರಿಯದಿರಲಿ ಎಂಬುದಷ್ಟೇ ಆಸೆ.

ಗುರಿಗಾಗಿ ಆಕಾರ ತಿದ್ದಿದ್ದು 1880ರ ದಶಕದಲ್ಲಿ. ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಹೊಡೆಯುವ ಮುಖವನ್ನು ಯಾರೋ ಸ್ವಲ್ಪ ಉಬ್ಬಿಸಿದರು. ಬಲ್ಜರ್ ಎಂಬ ಈ ಡ್ರೈವರನ್ನು ಮೊದಲು ಮಾಡಿದವನು ತಾನೇ ಎಂದು ವಿಲ್ಲೀ ಪಾರ್ಕ್ ಜೂನಿಯರ್ ಹೇಳಿಕೊಂಡ. ಅಲ್ಲ, ಹೆನ್ರಿ ಲ್ಯಾಂಬ್ ಎಂದವರೂ ಇದ್ದರು. ಯಾರೇ ಮಾಡಿರಲಿ, ಡ್ರೈವರಿನ ಇಡೀ ಚರಿತ್ರೆಯಲ್ಲಿ ಇಷ್ಟು ಜಾಣತನದ ಬದಲಾವಣೆ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಜಾಣತನ ಎಲ್ಲಿದೆ ಎಂದು ನೋಡೋಣ. ಬಲಗೈ ಆಟಗಾರನೊಬ್ಬ ಚೆಂಡನ್ನು ತಲೆಯ ನಡುವಿಗೆ ಬದಲಾಗಿ ತುದಿಯ ಕಡೆ ಹೊಡೆದ ಎನ್ನೋಣ. ಪೆಟ್ಟಿನ ಭಾರಕ್ಕೆ ತಲೆ ತಿರುಚಿಕೊಳ್ಳುತ್ತದೆ, ಮುಖ ಬಲಕ್ಕೆ ವಾಲುತ್ತದೆ. ತಲೆ ಒಂದು ದಿಕ್ಕಿಗೆ ತಿರುಗುವಾಗ ಅದಕ್ಕೆ ಅಂಟಿಕೊಂಡ ಚೆಂಡು, ಹಲ್ಲುಚಕ್ರಗಳ ನಿಯಮದಂತೆ, ಎದುರು ದಿಕ್ಕಿಗೆ ತಿರುಗತೊಡಗುತ್ತದೆ. ಆ ತಿರುಗಾಟ ಗಾಳಿಯಲ್ಲಿ ಚೆಂಡನ್ನು ಎಡಕ್ಕೆ ಬಾಗಿಸುತ್ತದೆ. ಮುಖ ಉಬ್ಬಿದ್ದರೆ ಅದರ ತುದಿಭಾಗ ಮೊದಲೇ ಕೊಂಚ ಬಲಕ್ಕೆ ನೋಡುತ್ತಿರುತ್ತದೆ. ಆದ್ದರಿಂದ ಚೆಂಡು ಬಲಕ್ಕೆ ಹೊರಟು, ಎಡಕ್ಕೆ ಬಾಗಿ, ಫೇರ್‌ವೇಯ ನಡುವಿಗೆ ಮರಳುತ್ತದೆ. ಒಂದು ತಪ್ಪು ಇನ್ನೊಂದು ತಪ್ಪನ್ನು ತಿದ್ದುತ್ತದೆ. ಈ ಲೆಕ್ಕವನ್ನು ಭೌತವಿಜ್ಞಾನಿಗಳು ಕಾಗದದ ಮೇಲೆ ಮಾಡಿದ್ದು ಬಹಳ ತಡವಾಗಿ. ಬಡಗಿಗಳು ಉಳಿ ಹಿಡಿದು ಮೊದಲೇ ಮಾಡಿ ಮುಗಿಸಿದ್ದರು. ಇವತ್ತಿನ ಟೈಟೇನಿಯಂ ಡ್ರೈವರಿನ ಮುಖದಲ್ಲೂ ಆ ಉಬ್ಬು ಇದೆ. 2018ರಲ್ಲಿ ಟೇಲರ್‌ಮೇಡ್ ಕಂಪನಿ ಟ್ವಿಸ್ಟ್ ಫೇಸ್ ಎಂದು ಸಾರಿ ಮಾರಿದ್ದು ಇದೇ ಉಬ್ಬಿನ ಎರಡು ಮೂಲೆಗಳನ್ನು ಒಂದಿಷ್ಟು ಬದಲಿಸಿದ ಮುಖವನ್ನು.

ಇಪ್ಪತ್ತನೆಯ ಶತಮಾನದ ಬಹುಪಾಲು ಪರ್ಸಿಮನ್ ಮರದ ಕಾಲ. ಬೀಡಿ ಕಟ್ಟಲು ಎಲೆ ಕೊಡುವ ನಮ್ಮ ಕಾಡಿನ ತೂಪ್ರದ ಮರ ಇದೆಯಲ್ಲ, ಪರ್ಸಿಮನ್ ಅದೇ ಕುಲದ ಅಮೆರಿಕನ್ ನೆಂಟ. ಒತ್ತಾದ, ಪೆಟ್ಟು ತಡೆಯುವ ಮರ. ಪೇರಳೆ ಹಣ್ಣಿನ ಆಕಾರದ ಆ ತಲೆಗಳು ನೋಡಲು ಬಲು ಚಂದ. ಆದರೆ ತುಂಬಿದ ಮರದ ತುಂಡಿನಲ್ಲಿ ತೂಕವನ್ನು ಬೇಕಾದ ಕಡೆ ಸರಿಸಲು ಬರುವುದಿಲ್ಲ. ನಡುವಿಗೆ ಹೊಡೆದರೆ ಸೊಗಸು, ಅರ್ಧ ಅಂಗುಲ ಆಚೀಚೆ ಆದರೆ ಕೈಗೆ ಜುಮ್ಮೆನ್ನುವ ಪೆಟ್ಟು, ಚೆಂಡು ಪೊದೆಗೆ.

ತೂಕ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್. 1959ರಲ್ಲಿ ಅವರು ಮಾಡಿದ್ದು ಡ್ರೈವರನ್ನಲ್ಲ, ಚೆಂಡನ್ನು ಕುಳಿಗೆ ಉರುಳಿಸುವ ಪಟರನ್ನು. ತಲೆಯ ನಡುವಿನ ಲೋಹ ತೆಗೆದು ಎರಡು ತುದಿಗಳಿಗೆ ಹಂಚಿದರು. ಹೆಗಲ ಮೇಲೆ ಅಡ್ಡೆ ಹೊತ್ತು ನಡೆದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ಎರಡು ಕೊಡಗಳೂ ಮೈಗೆ ಹತ್ತಿರವಿದ್ದರೆ ಗಕ್ಕನೆ ತಿರುಗಬಹುದು, ಅಡ್ಡೆಯ ತುದಿಗಳಲ್ಲಿ ತೂಗುತ್ತಿದ್ದರೆ ತಿರುಗಲು ಹೆಣಗಬೇಕು. ತೂಕ ಅಷ್ಟೇ, ಜಾಗ ಬೇರೆ. ತಿರುಚುವಿಕೆಗೆ ವಸ್ತು ಒಡ್ಡುವ ಈ ಹಟವನ್ನು ಗಾಲ್ಫ್ ಅಂಗಡಿಗಳಲ್ಲಿ ಎಂ.ಒ.ಐ. ಎನ್ನುತ್ತಾರೆ. ತೂಕ ನಡುವಿನಿಂದ ಎರಡು ಪಟ್ಟು ದೂರ ಸರಿದರೆ ಹಟ ನಾಲ್ಕು ಪಟ್ಟಾಗುತ್ತದೆ.

ಡ್ರೈವರಿಗೆ ಈ ಬುದ್ಧಿ ಬರಲು ಮರ ಹೋಗಿ ಲೋಹ ಬರಬೇಕಾಯಿತು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಕಟ್ಟಿದ ಗ್ಯಾರಿ ಆಡಮ್ಸ್ ಉಕ್ಕಿನ ಟೊಳ್ಳು ತಲೆ ಮಾಡಿ, ಅದಕ್ಕೆ ಪಿಟ್ಸ್‌ಬರ್ಗ್ ಪರ್ಸಿಮನ್ ಎಂದು ಹೆಸರಿಟ್ಟರು. ಉಕ್ಕಿನೂರಿನ ಹೆಸರು ಮುಂದೆ, ಮರದ ಹೆಸರು ಹಿಂದೆ! ಟೊಳ್ಳಾದ್ದರಿಂದ ತೂಕವೆಲ್ಲ ಅಂಚಿಗೆ ಬಂತು. ಆಟಗಾರರು ಮಾತ್ರ ಬೇಗ ಒಪ್ಪಲಿಲ್ಲ. 1993ರಲ್ಲಿ ಮಾಸ್ಟರ್ಸ್ ಪಂದ್ಯಾವಳಿ ಗೆದ್ದಾಗಲೂ ಬರ್ನ್‌ಹಾರ್ಡ್ ಲ್ಯಾಂಗರ್ ಕೈಯಲ್ಲಿದ್ದುದು ಮರದ ಡ್ರೈವರೇ.

ಅಷ್ಟರಲ್ಲಿ ಇನ್ನೊಂದು ಕಡೆ ತಲೆಗಳು ಊದಿಕೊಳ್ಳತೊಡಗಿದ್ದವು. ಬಟ್ಟೆ ಉದ್ಯಮದಿಂದ ದ್ರಾಕ್ಷಾರಸಕ್ಕೆ, ಅಲ್ಲಿಂದ ಗಾಲ್ಫಿಗೆ ಬಂದ ಈಲೀ ಕ್ಯಾಲವೇ 1991ರಲ್ಲಿ ಬಿಗ್ ಬರ್ತಾ ಡ್ರೈವರನ್ನು ತಂದರು. ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರು ಅದು. ಬೈಕಿನ ಎಂಜಿನ್ನಿನ ಹಾಗೆ ಡ್ರೈವರಿನ ತಲೆಯನ್ನೂ ಸಿ.ಸಿ.ಯಲ್ಲೇ ಅಳೆಯುತ್ತಾರೆ, ಬಿಗ್ ಬರ್ತಾ 190 ಸಿ.ಸಿ. ಇತ್ತು. ಆಗ ಅದೇ ದೈತ್ಯ. ನಂತರ ಟೈಟೇನಿಯಂ ಬಂತು. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಟೈಟೇನಿಯಂ 4.5 ಗ್ರಾಂ. ಸುಮಾರು 200 ಗ್ರಾಂ ತೂಕ ಮೀರದೆ ತಲೆಯನ್ನು ಎಷ್ಟು ಬೇಕಾದರೂ ಹಿಗ್ಗಿಸುವ ದಾರಿ ತೆರೆಯಿತು. 1997ರ ಬಿಗ್ಗೆಸ್ಟ್ ಬಿಗ್ ಬರ್ತಾ 290 ಸಿ.ಸಿ. ಮುಟ್ಟಿತು. ಇನ್ನು ಕೆಲವೇ ವರ್ಷಗಳಲ್ಲಿ ಅದೂ ಸಣ್ಣದೆನಿಸಿತು.

ಆಗ ನಿಯಮ ಮಾಡುವವರು ಎದ್ದು ಕೂತರು. ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆಗಳು ಒಂದೊಂದೇ ಬೇಲಿ ಹಾಕುತ್ತ ಬಂದವು. ತಲೆ 460 ಸಿ.ಸಿ. ಮೀರಬಾರದು. ಹಿಮ್ಮಡಿಯಿಂದ, ಅಂದರೆ ಹಿಡಿ ಸೇರುವ ಕಡೆಯಿಂದ, ತುದಿಗೆ ಐದು ಅಂಗುಲ ಮೀರಬಾರದು. ಮುಂದಿನಿಂದ ಹಿಂದಕ್ಕಿರುವ ಅಳತೆ ಆ ಅಗಲಕ್ಕಿಂತ ಕಡಿಮೆಯಿರಬೇಕು. ಎಂ.ಒ.ಐ. 5900ರ ಮಿತಿ ದಾಟಬಾರದು. ಇದರ ಏಕಮಾನ ಗ್ರಾಂ ಇಂಟು ಸೆಂಟಿಮೀಟರ್ ವರ್ಗ. ಸುಮ್ಮನೆ ಒಂದು ಲೆಕ್ಕ ಹಾಕಿ ನೋಡಿ. 200 ಗ್ರಾಂ ತಲೆಗೆ 5900 ಬರಬೇಕಾದರೆ ಇಡೀ ತೂಕವೇ ನಡುವಿನಿಂದ ಸುಮಾರು 5.4 ಸೆಂಟಿಮೀಟರ್ ದೂರ ಕೂತಂತಿರಬೇಕು. ಐದು ಅಂಗುಲದ ಅರ್ಧವೇ 6.35 ಸೆಂಟಿಮೀಟರ್. ಅಂದರೆ ದುಂಡು ತಲೆಯಲ್ಲಿ ತೂಕದ ಬಹುಪಾಲನ್ನು ಅಂಚಿಗೆ ಒತ್ತಬೇಕು, ಅದು ಕಷ್ಟ. ಚೌಕಕ್ಕೆ ಮೂಲೆಗಳಿವೆ, ಮೂಲೆ ನಡುವಿನಿಂದ ಒಂಬತ್ತು ಸೆಂಟಿಮೀಟರಿನ ಹತ್ತಿರ ಹೋಗುತ್ತದೆ. ಚೌಕ ತಲೆ ಯಾರದೋ ಹುಚ್ಚಾಟವಾಗಿರಲಿಲ್ಲ. ನಿಯಮದ ಬೇಲಿಯೊಳಗೆ ಲೆಕ್ಕ ಹಾಕಿದವರು ತಲುಪಲೇಬೇಕಾಗಿದ್ದ ಜಾಗ ಅದು.

ಲೆಕ್ಕ ಸುಳ್ಳಾಗಲಿಲ್ಲ. ಕೊರಿಯಾದ ಕೆ.ಜೆ. ಚೋಯ್ 2007ರಲ್ಲಿ ಸುಮೋ ಸ್ಕ್ವೇರ್ಡ್ ಹಿಡಿದೇ ಅಮೆರಿಕದ ವೃತ್ತಿಪರ ಪಂದ್ಯಗಳ ಸರಣಿಯಾದ ಪಿಜಿಎ ಟೂರ್‌ನಲ್ಲಿ ಗೆದ್ದರು. ಆದರೂ ನಾಲ್ಕೈದು ವರ್ಷಗಳಲ್ಲಿ ಚೌಕ ತಲೆಗಳು ಅಂಗಡಿಯಿಂದ ಮಾಯವಾದವು. ಕಾರಣ ಒಂದಲ್ಲ. ಆ ಸದ್ದು ಯಾರಿಗೂ ಹಿಡಿಸಲಿಲ್ಲ. ಗಾಲ್ಫ್ ಆಡುವವರು ಹೊಡೆತದ ಗುಣವನ್ನು ಕಿವಿಯಿಂದಲೇ ಅರ್ಧ ತಿಳಿಯುತ್ತಾರೆ. ಮಾರಾಟವಾದ ಕೆಲವು ಸುಮೋ ತಲೆಗಳ ಮುಖ ನಿಯಮಕ್ಕಿಂತ ಹೆಚ್ಚು ಪುಟಿಯುತ್ತಿದೆ ಎಂದು ತಿಳಿದು ನೈಕಿಯೇ ಅವನ್ನು ವಾಪಸು ಕರೆಸಿಕೊಂಡಿತು. ತಿರುಚಿಕೊಳ್ಳಲು ಒಲ್ಲದ ತಲೆ ಆಟಗಾರ ಬೇಕೆಂದು ತಿರುಗಿಸಿದಾಗಲೂ ಒಲ್ಲೆ ಎನ್ನುತ್ತದೆ. ಚೆಂಡನ್ನು ಎಡಕ್ಕೋ ಬಲಕ್ಕೋ ಬಾಗಿಸಿ ಹೊಡೆಯುವ ಪಳಗಿದವರಿಗೆ ಅದು ಒಗ್ಗಲಿಲ್ಲ. ಗಂಟೆಗೆ ನೂರು ಮೈಲಿಗೂ ಮೀರಿ ಬೀಸುವ ತಲೆಗೆ ಗಾಳಿಯ ತಡೆಯೂ ಲೆಕ್ಕಕ್ಕೆ ಬರುತ್ತದೆ, ಮೊಂಡು ಹಿಂಭಾಗ ಗಾಳಿಗೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಅದು ಕಣ್ಣಿಗೆ ಡ್ರೈವರಿನ ಹಾಗೆ ಕಾಣಲಿಲ್ಲ. ನನ್ನನ್ನು ಕೇಳಿದರೆ ಇದೇ ದೊಡ್ಡ ಕಾರಣ.

ಚೌಕ ಹೋಯಿತು, ಅದರ ಲೆಕ್ಕ ಉಳಿಯಿತು. ಕಾರ್ಬನ್ ನಾರಿನ ಹಗುರ ಚಿಪ್ಪು ಮಾಡಿ, ಉಳಿಸಿದ ಗ್ರಾಂಗಳನ್ನು ಹಿಂಬದಿಯ ಕೊನೆಯಲ್ಲಿ ತುಂಡಾಗಿ ಕೂರಿಸುವುದನ್ನು ಕಂಪನಿಗಳು ಕಲಿತವು. ಮೇಲಿನಿಂದ ದುಂಡು, ಒಳಗೆ ಚೌಕದ ಗುಣ. ಗಾಳಿಯ ಸಮಸ್ಯೆಗೆ ಪಿಂಗ್ ಕಂಪನಿ 2014ರಲ್ಲಿ ತಲೆಯ ಮೇಲೆ ಸಣ್ಣ ಏಣುಗಳನ್ನು ಎಬ್ಬಿಸಿತು. ಕ್ಯಾಲವೇ ವಿಮಾನ ಮಾಡುವ ಬೋಯಿಂಗ್‌ನವರ ಸಲಹೆ ಪಡೆಯಿತು. 2024ರಲ್ಲಿ ಪಿಂಗ್ ಮತ್ತು ಟೇಲರ್‌ಮೇಡ್ ಎರಡೂ ಹತ್ತು ಸಾವಿರ ಎಂ.ಒ.ಐ. ಎಂದು ಡಂಗುರ ಹೊಡೆದವು. ಮಿತಿ 5900 ಇರುವಾಗ ಹತ್ತು ಸಾವಿರ ಹೇಗೆ? ನಿಯಮ ಹಿಡಿದಿರುವುದು ಎಡ-ಬಲ ತಿರುಚುವಿಕೆಯನ್ನು ಮಾತ್ರ. ಮೇಲೆ-ಕೆಳಗೆ ವಾಲುವುದರ ಅಂಕಿಯನ್ನೂ ಇದರ ಜೊತೆ ಕೂಡಿಸಿದರು. ಸುಳ್ಳಲ್ಲ, ಆದರೆ ವ್ಯಾಪಾರಿಯ ಕೂಡುವಿಕೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಜಾಹೀರಾತುಗಳು ತಪ್ಪನ್ನು ಮನ್ನಿಸುವುದನ್ನೂ ಗುರಿ ಮುಟ್ಟುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ಅವು ಒಂದೇ ಅಲ್ಲ. ಚೆಂಡು ತಲೆಯ ನಡುವಿಗೆ ತಾಗದಿರುವ ತಪ್ಪನ್ನು ಆಕಾರ ಖಂಡಿತ ಮನ್ನಿಸುತ್ತದೆ. ವೇಗ ಕಡಿಮೆ ಸೋರುತ್ತದೆ, ತಿರುಚು ಕಡಿಮೆಯಾಗುತ್ತದೆ. ಆದರೆ ಹೊಡೆಯುವ ಗಳಿಗೆಯಲ್ಲಿ ಮುಖವೇ ತಪ್ಪು ಕಡೆ ನೋಡುತ್ತಿದ್ದರೆ? ಚೆಂಡು ಹೊರಡುವುದು ಬಹುಪಾಲು ಮುಖ ನೋಡುವ ದಿಕ್ಕಿಗೇ. ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಬ್ರಿಟನ್ನಿನಲ್ಲಿ ನಡೆದ ಸಂಶೋಧನೆಯನ್ನು 1968ರಲ್ಲಿ ಪುಸ್ತಕವಾಗಿಸಿ ಗಾಲ್ಫಿನ ವಿಜ್ಞಾನಕ್ಕೆ ಅಡಿಪಾಯ ಹಾಕಿದರು. ಈಗಿನ ರೇಡಾರ್ ಯಂತ್ರಗಳು ಪ್ರತಿ ಹೊಡೆತಕ್ಕೂ ಮುಖದ ದಿಕ್ಕನ್ನು ಅಳೆದು ತೋರಿಸುತ್ತವೆ. ನಾಲ್ಕು ಡಿಗ್ರಿ ತಪ್ಪಿ ನೆಟ್ಟಗೆ ಹೋದ ಚೆಂಡು 250 ಗಜದ ಹೊತ್ತಿಗೆ 17 ಗಜ ಪಕ್ಕಕ್ಕೆ ಸರಿದಿರುತ್ತದೆ, 300 ಗಜಕ್ಕೆ 21. ಅದನ್ನು ಚೌಕವೂ ತಡೆಯದು, ಹತ್ತು ಸಾವಿರವೂ ತಡೆಯದು. ಅಮೆರಿಕದ ಪಿಜಿಎ ಟೂರ್‌ನಲ್ಲಿ 1980ರ ಸರಾಸರಿ ಡ್ರೈವ್ ಸುಮಾರು 257 ಗಜ, ಈಗ 300ರ ಆಸುಪಾಸು. ಫೇರ್‌ವೇಗೆ ಬೀಳುವ ಹೊಡೆತಗಳು ಮಾತ್ರ ಹೆಚ್ಚಲಿಲ್ಲ, ಈಗ ಶೇಕಡಾ 60ರ ಹತ್ತಿರ. ಕ್ಲಬ್ ಕೆಟ್ಟಿತೆಂದಲ್ಲ. ತಪ್ಪಿದರೂ ಕಾಯುತ್ತದೆ ಎಂಬ ಧೈರ್ಯದಿಂದ ಜನ ಇನ್ನೂ ಜೋರಾಗಿ ಬೀಸತೊಡಗಿದರು. ಮರದ ಕಾಲದಲ್ಲಿ 43 ಅಂಗುಲವಿದ್ದ ಹಿಡಿ 45 ದಾಟಿತು, ಅದೂ ದೂರಕ್ಕಾಗಿಯೇ.

ದೂರದ ಆಸೆ ಬಿಟ್ಟವರಿಗೆ ಏನು ಸಿಗಬಹುದು ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದ ಅವರು ಮುಗಿಸಿದ್ದು ನಾಲ್ಕನೆಯವರಾಗಿ, ಪದಕಕ್ಕೆ ಒಂದೇ ಹೊಡೆತದಷ್ಟು ಹಿಂದೆ.

ಇತ್ತೀಚೆಗೆ ಕೆಲವು ವೃತ್ತಿಪರರು ಇಕ್ಕಟ್ಟಾದ ಫೇರ್‌ವೇಗಳಿಗೆಂದು ಚಿಕ್ಕ ತಲೆ, ಗಿಡ್ಡ ಹಿಡಿಯ ಮಿನಿ ಡ್ರೈವರನ್ನು ಚೀಲಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ. ಇಂಗ್ಲೆಂಡಿನ ಟಾಮಿ ಫ್ಲೀಟ್‌ವುಡ್ ಅವರಲ್ಲೊಬ್ಬರು. 2023ರಲ್ಲಿ ಟೇಲರ್‌ಮೇಡ್ ತಂದ ಮಿನಿ ಡ್ರೈವರಿನ ತಲೆ 304 ಸಿ.ಸಿ. 1997ರಲ್ಲಿ ಕ್ಯಾಲವೇ ಎಲ್ಲಕ್ಕಿಂತ ದೊಡ್ಡದೆಂದು ಹೆಸರಿಟ್ಟು ಮಾರಿದ ಡ್ರೈವರಿಗಿಂತ ಈ ಮಿನಿ ಹದಿನಾಲ್ಕು ಸಿ.ಸಿ. ದೊಡ್ಡದು.