ಬೆಳೆಯ ಗುಣ, ಬೆಳೆಗಾರನ ಗುಣ



ಅರಸೀಕೆರೆಯವರು ಗಂಟು ಬಿಚ್ಚರು, ಬೇಲೂರಿನವರು ಷೋಕಿಗಾರರು, ಹಳೇಬೀಡಿನವರು ಜೂಜಿನಂತೆ ಆಲೂಗೆಡ್ಡೆ ಹಾಕುತ್ತಾರೆ ಎಂದು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಇದು ಜನರ ಗುಣವಲ್ಲ, ಬೆಳೆಯ ಗುಣ.

ಅರಸೀಕೆರೆಯಲ್ಲಿ ಅಟ್ಟಕ್ಕೇರಿಸಿದ ತೆಂಗಿನಕಾಯಿ ಕೊಬ್ಬರಿಯಾಗಲು 8ರಿಂದ 12 ತಿಂಗಳು ಬೇಕು. ಹಾಗೆ ಕಾದು ಪಳಗಿದವನು ಖರ್ಚಿಗೂ ಕಾಯುತ್ತಾನೆ. ಬೇಲೂರಿನ ಮಲೆನಾಡು ಭಾಗದಲ್ಲಿ ಕಾಫಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಮನೆಗೆ ಮಹಡಿ, ಮಗನಿಗೆ ಪಟ್ಟಣದ ಶಾಲೆ. ಹಳೇಬೀಡಿನ ಕಥೆ ಬೇರೆ. ಬಿತ್ತನೆ ಗೆಡ್ಡೆ ಹೆಚ್ಚಾಗಿ ಪಂಜಾಬಿನ ಜಲಂಧರದ್ದು, ಹಣ ಸಾಲದ್ದು. ಮೋಡ ಕವಿದು ಸೋನೆ ಹಿಡಿದರೆ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. ಮಗಳ ಕಾಲೇಜಿನ ಶುಲ್ಕವೂ ಅದೇ ಹೊಲದಲ್ಲಿರುತ್ತದೆ.

ರೋಗ ಕಾಣುವ ಮೊದಲೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ ಎನ್ನುತ್ತೇವೆ. ಕಣ್ಣಿಗೆ ಕಾಣದ ರೋಗಕ್ಕೆ ಹಣ ಸುರಿಯಲು ಸಾಲಗಾರನಿಗೆ ಮನಸ್ಸು ಬಾರದು. ಅವನನ್ನು ಹಳೆಯ ಕಾಲದವನೆಂದು ಜರೆಯುವುದು ನನಗೆ ಸರಿ ಕಾಣದು. ಆದರೆ ಮದುವೆಯ ಚಪ್ಪರಕ್ಕೆ ಹಿಂದೆಮುಂದೆ ನೋಡದೆ ಸಾಲ ತರುವವರು ಮಣ್ಣು ಪರೀಕ್ಷೆ ಎಂದರೆ ಮುಖ ತಿರುಗಿಸುವುದನ್ನು ಒಪ್ಪಲಾರೆ.

ಕಲಿಯುವುದಕ್ಕೆ ಶಾಲೆಯೇ ಬೇಕೆಂದೇನೂ ಇಲ್ಲ. ಮಂಡ್ಯದಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ, ಓದು ಬಾರದವರೂ ಪಕ್ಕದ ಹೊಲದ ತೆನೆ ನೋಡಿ ಬೀಜ ಕೇಳಿದರು. ಬೀಜದ ತೆನೆ ಆರಿಸಿಡುವ ಹೆಂಗಸರನ್ನು ಮಾತ್ರ ಇಂಥ ಸಭೆಗಳಿಗೆ ಕರೆಯುವುದು ಅಪರೂಪ. ಮುಂದಿನ ಸಲ ಅವರನ್ನೂ ಕರೆತನ್ನಿ. ಅಂಗಮಾರಿ ತಗುಲಿದ ಎಲೆಯನ್ನು ಅವರಿಗೂ ತೋರಿಸೋಣ. ಕಳೆ ಕೀಳುವಾಗ ಅದನ್ನು ಮೊದಲು ಕಾಣುವವರು ಅವರೇ.