ಪುಟ್ಟ ರೈಲಿನ ಹಳಿಯ ಅಳತೆ



ರೈಲಿನ ಚರಿತ್ರೆಯನ್ನು ಓದಿದವರಿಗೆ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಹೆಸರು ಪರಿಚಿತವಾಗಿರಬಹುದು. 1840ರ ದಶಕದಲ್ಲಿ ಆ ಊರಿಗೆ ಎರಡು ಬಗೆಯ ರೈಲುದಾರಿಗಳು ಬಂದು ಸೇರುತ್ತಿದ್ದುವು. ಒಂದು ಬ್ರೂನೆಲ್ ಮಹಾಶಯನ 7 ಅಡಿ ಕಾಲು ಅಂಗುಲದ ಅಗಲ ದಾರಿ. ಇನ್ನೊಂದು ಸ್ಟೀಫನ್‌ಸನ್ನನ 4 ಅಡಿ 8½ ಅಂಗುಲದ ದಾರಿ. ಒಂದರ ಬಂಡಿಯು ಇನ್ನೊಂದರ ಮೇಲೆ ಓಡಲಾರದು. ಆದುದರಿಂದ ಪ್ರಯಾಣಿಕರೂ ಮೂಟೆಗಳೂ ಅಲ್ಲಿ ಇಳಿದು ಬೇರೆ ಬಂಡಿಯನ್ನು ಏರಬೇಕಾಗಿದ್ದಿತು. ಪಾರ್ಲಿಮೆಂಟು 1846ರಲ್ಲಿ ಶಾಸನ ಮಾಡಿತು. ಆದರೂ ಅಗಲ ದಾರಿಯ ಕೊನೆಯ ಭಾಗವನ್ನು ಕಿತ್ತುಹಾಕುವ ಹೊತ್ತಿಗೆ 1892ರ ಮೇ ತಿಂಗಳಾಯಿತು. ಮೊದಲು ಆರಿಸಿಕೊಂಡ ಒಂದು ಅಂಕಿಯು ಅರ್ಧ ಶತಮಾನದ ಕಾಲ ಒಂದು ದೇಶವನ್ನು ಕಾಡಿತು.

ಈ ಸಂಜೆ ನಾವು ಹೇಳಹೊರಟಿರುವುದು ಅಷ್ಟು ದೊಡ್ಡ ರೈಲಿನ ವಿಷಯವಲ್ಲ; ಮೇಜಿನ ಮೇಲೆ ಓಡುವ ಮಾದರಿ ರೈಲಿನ ವಿಷಯ. ಅಂಗಡಿಯಲ್ಲಿ ಸಿಕ್ಕುವ ಸಿದ್ಧ ಹಳಿಯನ್ನು ತಂದು ಜೋಡಿಸುವವರಿಗೆ ಈ ಚಿಂತೆಯಿಲ್ಲ. ತಮ್ಮ ಕೈಯಿಂದಲೇ ಹಳಿಯನ್ನು ಕತ್ತರಿಸಿ, ಅರದಿಂದ ಉಜ್ಜಿ, ಸ್ಲೀಪರುಗಳ ಮೇಲೆ ಬೆಸುಗೆ ಹಾಕುವವರಿಗೆ ಮಾತ್ರ ಗ್ಲಾಸ್ಟರಿನ ಪ್ರಶ್ನೆಯೇ ಮೊದಲನೆಯ ದಿನ ಎದುರಾಗುತ್ತದೆ. ಯಾವ ಅಗಲಕ್ಕೆ ಹಳಿ ಹಾಕಬೇಕು? ಎಲ್ಲೆಲ್ಲಿ ಎಷ್ಟೆಷ್ಟು ಎಡೆ ಬಿಡಬೇಕು? ಇದಕ್ಕೆ ತಪ್ಪು ಉತ್ತರ ಕೊಟ್ಟವರು ಹಲವು ತಿಂಗಳ ದುಡಿಮೆಯನ್ನು ಕಿತ್ತು ಹಾಕಬೇಕಾಗುತ್ತದೆ. ನಾವು ಒಮ್ಮೆ ಹಾಗೆ ಕಿತ್ತವರು.

ಗೇಜು ಎಂದರೆ ಎರಡು ಹಳಿಗಳ ಒಳಮೈಗಳ ನಡುವಣ ಅಂತರ. ಪ್ರಮಾಣವೆಂದರೆ ನಿಜವಾದ ವಸ್ತುವಿಗೂ ಮಾದರಿಗೂ ಇರುವ ಅನುಪಾತ. ಇವೆರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕೆಂಬುದು ನ್ಯಾಯ. ಆದರೆ ಬ್ರಿಟನ್ನಿನಲ್ಲಿ ಬಹು ಜನಪ್ರಿಯವಾದ ಪದ್ಧತಿಯಲ್ಲಿಯೇ ಇವು ಹೊಂದುವುದಿಲ್ಲ. ಅಡಿಗೆ 3.5 ಮಿಲಿಮೀಟರಿನ ಪ್ರಮಾಣದಲ್ಲಿ 4 ಅಡಿ 8½ ಅಂಗುಲವು ಸುಮಾರು 16.5 ಮಿಲಿಮೀಟರಾಗುತ್ತದೆ. ಯೂರೋಪು ಅಮೆರಿಕಗಳಲ್ಲಿ ಇದೇ ರೂಢಿಯಾಯಿತು. ಬ್ರಿಟನ್ನಿನ ಇಂಜಿನ್ನುಗಳಾದರೋ ಒಡಲಿನಲ್ಲಿ ಚಿಕ್ಕವು. ಆ ಪ್ರಮಾಣದ ಒಡಲಿನೊಳಗೆ ಅಂದಿನ ಯಂತ್ರವು ಹಿಡಿಯಲಿಲ್ಲ. ಆದುದರಿಂದ 1920ರ ದಶಕದಲ್ಲಿ ಒಡಲನ್ನು ಅಡಿಗೆ 4 ಮಿಲಿಮೀಟರಿಗೆ ಹಿಗ್ಗಿಸಿ, ಹಳಿಯನ್ನು ಮಾತ್ರ 16.5ರಲ್ಲಿಯೇ ಬಿಟ್ಟರು. ಲೆಕ್ಕ ಮಾಡಿ ನೋಡಿದರೆ ಆ ಹಳಿಯು 4 ಅಡಿ 1½ ಅಂಗುಲದ ದಾರಿ. ಪೂರ್ತಿ 7 ಅಂಗುಲ ಕಿರಿದು. ಎದುರಿನಿಂದ ನೋಡಿದಾಗ ಇಂಜಿನ್ನು ಕಾಲುಗಳನ್ನು ಒತ್ತಿಕೊಂಡು ನಿಂತಂತೆ ಕಾಣುತ್ತದೆ.

ಇದನ್ನು ಸಹಿಸದವರು ಎರಡು ದಾರಿಗಳನ್ನು ಹುಡುಕಿದರು. ಮೊದಲನೆಯದು ಈಎಮ್ ಎಂಬುದು. ಹೆಸರೇ ಹೇಳುವಂತೆ ಇದು ಆರಂಭದಲ್ಲಿ 18 ಮಿಲಿಮೀಟರಾಗಿದ್ದು, ಆಮೇಲೆ 18.2 ಆಯಿತು. ಎರಡನೆಯದು 1966ರಲ್ಲಿ ಪ್ರಕಟವಾದ ಪ್ರೋಟೋಫೋರ್. ಅದರಲ್ಲಿ ಲೆಕ್ಕಕ್ಕೆ ಸರಿಯಾಗಿ 18.83 ಮಿಲಿಮೀಟರು. ಹಾಗಾದರೆ ಸರಿಯಾದುದನ್ನೇ ಏಕೆ ಆರಿಸಬಾರದು ಎಂದು ಕೇಳಬಹುದು. ಆರಿಸಬಹುದು. ಆದರೆ ಅಲ್ಲಿ ಚಕ್ರದ ಅಂಚೂ ನಿಜದಂತೆಯೇ ಚಿಕ್ಕದಾಗಿರಬೇಕು. ಅಷ್ಟು ಚಿಕ್ಕ ಅಂಚು ಹಳಿಯ ಮೇಲೆ ನಿಲ್ಲಬೇಕಾದರೆ ಬಂಡಿಯ ಪ್ರತಿಯೊಂದು ಚಕ್ರವೂ ಹಳಿಯ ಏರುತಗ್ಗನ್ನು ಅನುಸರಿಸುವಂತೆ ಸ್ಪ್ರಿಂಗನ್ನಾದರೂ ತೂಗುವ ಅಚ್ಚನ್ನಾದರೂ ಹೊಂದಿರಬೇಕು. ಕೊಂಡು ತಂದ ಬಂಡಿಗಳೆಲ್ಲದರ ಚಕ್ರಗಳನ್ನೂ ಬದಲಾಯಿಸಬೇಕು. ಹತ್ತು ಬಂಡಿಗಳನ್ನು ಚೆನ್ನಾಗಿ ಮಾಡಿ ತೃಪ್ತರಾಗುವವರಿಗೆ ಅದು ಉತ್ತಮ ಮಾರ್ಗ. ನೂರು ಬಂಡಿಗಳನ್ನು ಓಡಿಸಬೇಕೆನ್ನುವವರಿಗೆ ಅಲ್ಲ.

ಇಷ್ಟು ಗೇಜಿನ ಮಾತಾಯಿತು. ಆದರೆ ಹಳಿ ಹಾಕುವವರನ್ನು ನಿಜವಾಗಿ ಪರೀಕ್ಷಿಸುವುದು ಗೇಜಲ್ಲ, ಎಡೆ. ನೇರ ದಾರಿಯಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಬಂಡಿ ಓಡುತ್ತದೆ. ದಾರಿ ಕವಲೊಡೆಯುವ ಸ್ಥಳದಲ್ಲಿ ಒಂದು ಹಳಿಯು ಇನ್ನೊಂದನ್ನು ದಾಟಬೇಕು; ಚಕ್ರದ ಅಂಚು ಹಾದುಹೋಗಲು ಅಲ್ಲಿ ಹಳಿಯಲ್ಲಿಯೇ ಒಂದು ಬಿರುಕನ್ನು ಬಿಡಬೇಕು. ಬಿರುಕಿನ ಆಚೆ ಹಳಿಗಳೆರಡೂ ಕೂಡಿ ಚೂಪಾದ ಮೂಗಿನಂತಾಗುತ್ತವೆ. ಬಿರುಕನ್ನು ದಾಟುವಾಗ ಚಕ್ರವು ತಪ್ಪು ಕಡೆಗೆ ಹೋಗದಂತೆ ಎದುರಿನ ಹಳಿಯ ಪಕ್ಕದಲ್ಲಿ ಒಂದು ಕಾವಲು ಹಳಿ ಇರುತ್ತದೆ. ಅದು ಜೊತೆಯ ಚಕ್ರವನ್ನು ಬೆನ್ನಿನಿಂದ ಹಿಡಿದು ತನ್ನೆಡೆಗೆ ಎಳೆದುಕೊಳ್ಳುತ್ತದೆ.

ಇಲ್ಲಿ ಮೂರು ನಿಯಮಗಳನ್ನು ನೆನಪಿಡಬೇಕು. ಮೊದಲನೆಯದು: ಮೂಗಿನಿಂದ ಎದುರಿನ ಕಾವಲು ಹಳಿಯವರೆಗಿನ ಅಂತರವು, ಎರಡು ಚಕ್ರಗಳ ಬೆನ್ನುಗಳ ನಡುವಣ ಅಂತರಕ್ಕೆ ಒಂದು ಅಂಚಿನ ದಪ್ಪವನ್ನು ಸೇರಿಸಿದರೆ ಬರುವ ಮೊತ್ತಕ್ಕಿಂತ ಕಡಮೆಯಾಗಿರಬಾರದು. ಕಡಮೆಯಾದರೆ ಅಂಚು ಮೂಗಿಗೆ ಬಡಿಯುತ್ತದೆ. ಎರಡನೆಯದು: ಗೇಜಿನಿಂದ ಎರಡು ಎಡೆಗಳನ್ನು ಕಳೆದರೆ ಉಳಿಯುವ ಅಂತರವು ಚಕ್ರಗಳ ಬೆನ್ನುಗಳ ಅಂತರಕ್ಕಿಂತ ಕಡಮೆಯಿರಬೇಕು. ಹೆಚ್ಚಾದರೆ ಚಕ್ರಗಳು ಸಿಕ್ಕಿಕೊಂಡು ಮೇಲಕ್ಕೇರುತ್ತವೆ. ಮೂರನೆಯದು: ಚಕ್ರದ ಅಗಲವು ಎಡೆಯ ಎರಡರಷ್ಟಾದರೂ ಇರಬೇಕು. ಇಲ್ಲದಿದ್ದರೆ ಬಿರುಕಿನೊಳಕ್ಕೆ ಚಕ್ರವು ಕುಸಿದು ಬಂಡಿ ಕುಲುಕುತ್ತದೆ.

ಈಗ ಅಂಕಿಗಳನ್ನು ಇಟ್ಟು ನೋಡೋಣ. 16.5ರ ಹಳಿಗೆ ಹಿಂದಿನಿಂದ ಬಂದ ಎಡೆಯು 1.25 ಮಿಲಿಮೀಟರು. ಅದರ ಎರಡರಷ್ಟು 2.5. ಕಾರ್ಖಾನೆಯ ಚಕ್ರದ ಅಗಲ ಸುಮಾರು 2.8 ಇರುವುದರಿಂದ ಅದು ಸುಖವಾಗಿ ದಾಟುತ್ತದೆ. ಕೈಗೆಲಸದವರು ಮೆಚ್ಚುವ 2.3 ಮಿಲಿಮೀಟರಿನ ಚೆಲುವಾದ ಚಕ್ರವು ಕುಸಿಯುತ್ತದೆ. ಈಎಮ್ ಪದ್ಧತಿಯಲ್ಲಿ ಎಡೆಯು 1 ಮಿಲಿಮೀಟರು. ಅಲ್ಲಿ ಇದೇ ಚಕ್ರವು ಕುಸಿಯುವುದಿಲ್ಲ. ಇದನ್ನು ಕಂಡವರು ಒಂದು ಉಪಾಯ ಮಾಡಿದರು. ಈಎಮ್ ಅಳತೆಗಳಿಂದ 2 ಮಿಲಿಮೀಟರುಗಳನ್ನು ಕಳೆದು, 16.2ರ ಗೇಜಿಗೆ 1 ಮಿಲಿಮೀಟರಿನ ಎಡೆಯನ್ನು ಬಿಟ್ಟರು. ಮೂಗಿನಿಂದ ಕಾವಲು ಹಳಿಗೆ ಹಳೆಯ ಪದ್ಧತಿಯಲ್ಲಿ 15.25, ಹೊಸದರಲ್ಲಿ 15.2. ಹೆಚ್ಚುಕಡಮೆ ಅದೇ. ಆದುದರಿಂದ ಬೆನ್ನುಗಳ ಅಂತರ 14.4 ಇರುವ ಬಂಡಿಯು ಎರಡರಲ್ಲಿಯೂ ಓಡುತ್ತದೆ. ಹಳಿಯ ಅಗಲವನ್ನು ಕಿರಿದು ಮಾಡಿದರೆ ಓಟವು ಸುಗಮವಾಗುತ್ತದೆಂಬುದು ಕೇಳುವುದಕ್ಕೆ ವಿಚಿತ್ರ, ಲೆಕ್ಕಕ್ಕೆ ಸತ್ಯ.

ನಾವು ಕಿತ್ತ ಕತೆಯನ್ನು ಈಗ ಹೇಳಬಹುದು. ನಮ್ಮ ಮೊದಲನೆಯ ಕವಲಿನಲ್ಲಿ ಕಾವಲು ಹಳಿಯನ್ನು ಅದರ ಪಕ್ಕದ ಹಳಿಯಿಂದ ಅಳೆದು ಬೆಸೆದೆವು. ಎಡೆಯು ಸರಿಯಾಗಿ 1 ಮಿಲಿಮೀಟರೇ ಇದ್ದಿತು. ಆದರೆ ಆ ಜಾಗದಲ್ಲಿ ಗೇಜು ಕಾಲು ಮಿಲಿಮೀಟರು ಕುಗ್ಗಿದ್ದುದನ್ನು ಗಮನಿಸಲಿಲ್ಲ. ಪಕ್ಕದ ಹಳಿಯು ಮೂಗಿನ ಹತ್ತಿರಕ್ಕೆ ಸರಿದಾಗ ಕಾವಲು ಹಳಿಯೂ ಅದರೊಡನೆ ಸರಿದಿದ್ದಿತು. ಮೂರನೆಯ ಬಂಡಿಯ ಚಕ್ರವು ಬಿರುಕಿನಲ್ಲಿ ಅಡ್ಡದಾರಿ ಹಿಡಿಯಿತು. ಹಿಂದಿನ ಬಂಡಿಗಳೆಲ್ಲ ಅದರ ಮೇಲೆ ಬಿದ್ದುವು. ಕಾವಲು ಹಳಿಯನ್ನು ಯಾವಾಗಲೂ ಎದುರಿನ ಮೂಗಿನಿಂದಲೇ ಅಳೆಯತಕ್ಕದ್ದು ಎಂಬ ಪಾಠವನ್ನು ಅಂದು ಕಲಿತೆವು. ಕಾಯುವವನು ತನ್ನ ನೆರೆಯವನನ್ನಲ್ಲ, ತಾನು ಕಾಯುವ ವಸ್ತುವನ್ನು ನೋಡಿಕೊಂಡಿರಬೇಕು.

ಇನ್ನೊಂದು ಪ್ರಸಂಗ. ನಮ್ಮ ನೆರೆಯ ರಾಯರು ಒಂದು ದಿನ ಹಳೆಯ ಇಂಜಿನ್ನೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಅವರ ತಂದೆಯವರು ಇಂಗ್ಲೆಂಡಿನಿಂದ ತಂದುದು. ನಮ್ಮ ಹೊಸ ಹಳಿಯ ಮೇಲೆ ಇಟ್ಟೊಡನೆ ಅದು ಮೊದಲನೆಯ ಕವಲಿನಲ್ಲಿಯೇ ಏರಿ ಕುಳಿತಿತು. ಅಳೆದು ನೋಡಿದರೆ ಬೆನ್ನುಗಳ ಅಂತರ 13.9, ಅಂಚಿನ ದಪ್ಪ 1.1. ನಮ್ಮ ಹಳಿಗೆ 14.2ಕ್ಕಿಂತ ಹೆಚ್ಚಿನ ಅಂತರ ಬೇಕು. ರಾಯರು, “ಏನು ಸ್ವಾಮಿ, ನಮ್ಮ ತಂದೆಯವರ ಇಂಜಿನ್ನು ನಿಮ್ಮ ಊರಿಗೆ ಬರುವ ಹಾಗಿಲ್ಲವೆ?” ಎಂದರು. ಚಕ್ರಗಳನ್ನು ಬದಲಾಯಿಸಬಹುದೆಂದು ನಾವು ಹೇಳಿದೆವು. “ಆ ಚಕ್ರಗಳೂ ಅವರವೇ” ಎಂದು ಅವರು ಸುಮ್ಮನಾದರು.

ಆ ಇಂಜಿನ್ನಿಗಾಗಿ ಎಡೆಯನ್ನು ಹಿಗ್ಗಿಸಿದ್ದರೆ ಅದೇನೋ ದಾಟುತ್ತಿದ್ದಿತು. ನಮ್ಮ ಮಿಕ್ಕ ಬಂಡಿಗಳೆಲ್ಲ ಕುಸಿಯುತ್ತಿದ್ದುವು. ಎಲ್ಲರಿಗೂ ಹೊಂದುವ ಎಡೆಯೊಂದಿಲ್ಲ. ಕೊನೆಗೆ ಮೇಜಿನ ಹೊರ ಅಂಚಿನಲ್ಲಿ ಕವಲೇ ಇಲ್ಲದ ದಾರಿಯೊಂದನ್ನು 16.5ರ ಅಗಲಕ್ಕೆ ಹಾಕಿದೆವು. ಕವಲಿಲ್ಲದ ಮೇಲೆ ಮೂಗೂ ಇಲ್ಲ, ಕಾವಲೂ ಇಲ್ಲ. ರಾಯರ ತಂದೆಯವರ ಇಂಜಿನ್ನು ಅದರ ಮೇಲೆ ಈಗಲೂ ಸುತ್ತುತ್ತದೆ.

ಹಳಿಯ ನಡುವಣ ಎಡೆಯಂತೆಯೇ ದಾರಿದಾರಿಗಳ ನಡುವಣ ಎಡೆಯೂ ಮುಖ್ಯ. ಬ್ರಿಟಿಷ್ ಜೋಡಿದಾರಿಯ ಮಧ್ಯದಿಂದ ಮಧ್ಯಕ್ಕೆ 11 ಅಡಿ 2 ಅಂಗುಲವೆಂದರೆ ನಮ್ಮ ಪ್ರಮಾಣದಲ್ಲಿ 44.67 ಮಿಲಿಮೀಟರು. ಬಂಡಿಯ ಅಗಲ 36 ಎಂದಿಟ್ಟುಕೊಂಡರೆ ನಡುವೆ 8.67 ಉಳಿಯಿತು. ನೇರ ದಾರಿಯಲ್ಲಿ ಇದು ಸಾಕು. ತಿರುವಿನಲ್ಲಿ ಬಂಡಿಯ ನಡುಭಾಗವು ಒಳಕ್ಕೂ ತುದಿಗಳು ಹೊರಕ್ಕೂ ಚಾಚುತ್ತವೆ. 258 ಮಿಲಿಮೀಟರು ಉದ್ದದ ಬಂಡಿಯ ಬೋಗಿಗಳ ನಡುವೆ 186 ಇದ್ದು, ತಿರುವಿನ ತ್ರಿಜ್ಯವು 900 ಆದರೆ, ನಡುಭಾಗವು 4.8ರಷ್ಟೂ ತುದಿಯು 4.4ರಷ್ಟೂ ಹೊರಳುತ್ತವೆ. ಒಳದಾರಿಯ ಬಂಡಿಯ ತುದಿಯೂ ಹೊರದಾರಿಯ ಬಂಡಿಯ ನಡುವೂ ಎದುರಾದಾಗ ಒಟ್ಟು 9.2. ಉಳಿದಿದ್ದುದು 8.67 ಮಾತ್ರ! ಎರಡು ಬಂಡಿಗಳೂ ಒಂದನ್ನೊಂದು ಉಜ್ಜಿಯೇ ತೀರುವುವು. ಆದುದರಿಂದ ಇಂತಹ ತಿರುವಿನಲ್ಲಿ ದಾರಿಗಳನ್ನು 50 ಮಿಲಿಮೀಟರಿಗೂ ಹೆಚ್ಚು ದೂರವಿಡಬೇಕು. ನಿಜದ ಅಳತೆಯನ್ನು ಅಲ್ಲಿ ಹಟದಿಂದ ಪಾಲಿಸುವುದು ನಿಜಕ್ಕೆ ನಿಷ್ಠೆಯಲ್ಲ; ನಿಜವಾದ ರೈಲಿಗೆ ಅಂತಹ ಕಡಿದಾದ ತಿರುವೇ ಇರುವುದಿಲ್ಲ.

ನಮ್ಮ ದೇಶದ ರೈಲನ್ನು ಮಾಡಬಯಸುವವರಿಗೆ ಒಂದು ಶುಭವಾರ್ತೆ. ಭಾರತದ ಅಗಲ ದಾರಿಯು 5 ಅಡಿ 6 ಅಂಗುಲ. ಅಡಿಗೆ 3 ಮಿಲಿಮೀಟರಿನಂತೆ ಎಣಿಸಿದರೆ ಅದು ನಿಖರವಾಗಿ 16.5! ಅಂಗಡಿಯ ಹಳಿಯು ಬ್ರಿಟಿಷರಿಗೆ ಹೊಂದದೆ ನಮಗೆ ಹೊಂದುತ್ತದೆ. ಬೆಂಗಳೂರು ಮೈಸೂರುಗಳ ನಡುವೆ 1882ರಲ್ಲಿ ತೆರೆದ ಮೀಟರು ಗೇಜಿನ ಹಳೆಯ ದಾರಿಯನ್ನು ಮಾಡುವವರು ಅಡಿಗೆ 3.5ರ ಪ್ರಮಾಣದಲ್ಲಿ 12 ಮಿಲಿಮೀಟರಿನ ಹಳಿಯನ್ನು ಹಾಕಬಹುದು. ಲೆಕ್ಕಕ್ಕೆ ಬರುವುದು 11.5, ತಪ್ಪು ಅರ್ಧ ಮಿಲಿಮೀಟರು ಮಾತ್ರ. 1992ರಲ್ಲಿ ಕೈಗೊಂಡ ಏಕಗೇಜು ಯೋಜನೆಯಿಂದ ದೇಶದ ಮೀಟರು ಗೇಜಿನ ಬಹುಭಾಗವು ಮರೆಯಾಗಿರುವುದರಿಂದ, ಅದನ್ನು ಮೇಜಿನ ಮೇಲೆ ಉಳಿಸುವುದೂ ಒಂದು ಒಳ್ಳೆಯ ಕೆಲಸವೇ.

ಇನ್ನು ಕೆಲಸದ ಕ್ರಮ. ಹಳಿಯನ್ನು ಮುಟ್ಟುವ ಮೊದಲು ತಮ್ಮಲ್ಲಿರುವ ಬಂಡಿಗಳೆಲ್ಲದರ ಚಕ್ರಗಳನ್ನೂ ಕ್ಯಾಲಿಪರಿನಿಂದ ಅಳೆದು ಬರೆದಿಟ್ಟುಕೊಳ್ಳಿರಿ. ಮೂರು ನಿಯಮಗಳಿಗೆ ಅವುಗಳನ್ನು ಒಡ್ಡಿ ನೋಡಿ ಗೇಜನ್ನೂ ಎಡೆಯನ್ನೂ ಒಟ್ಟಿಗೆ ನಿಶ್ಚಯಿಸಿರಿ. ಒಂದನ್ನು ಒಂದು ಪದ್ಧತಿಯಿಂದಲೂ ಇನ್ನೊಂದನ್ನು ಬೇರೊಂದರಿಂದಲೂ ತೆಗೆದುಕೊಳ್ಳಬೇಡಿರಿ. ತಿರುವಿನಲ್ಲಿ ಮೂರು ಕಾಲಿನ ಗೇಜನ್ನು ಎರಡು ಕಾಲು ಹೊರ ಹಳಿಗೂ ಒಂದು ಕಾಲು ಒಳ ಹಳಿಗೂ ತಾಗುವಂತೆ ಇಟ್ಟರೆ ಬೇಕಾದಷ್ಟು ಹಿಗ್ಗು ತಾನಾಗಿಯೇ ಬರುತ್ತದೆ. ಮೊದಲು ಒಂದೇ ಒಂದು ಕವಲನ್ನು ಮಾಡಿ, ಇರುವ ಬಂಡಿಗಳನ್ನೆಲ್ಲ ಅದರ ಮೇಲೆ ಮುಂದಕ್ಕೂ ಹಿಂದಕ್ಕೂ ತಳ್ಳಿ ನೋಡಿರಿ. ಅದು ಒಪ್ಪಿದ ಮೇಲೆ ಎರಡನೆಯದು.

ಯಾವ ಗೇಜು ಉತ್ತಮವೆಂದು ನಮ್ಮನ್ನು ಹಲವರು ಕೇಳುತ್ತಾರೆ. ಯಾರ ಬಂಡಿಗಳು ತಮ್ಮ ದಾರಿಗೆ ಬರಬೇಕೆಂದು ಬಯಸುತ್ತೀರೋ ಅವರನ್ನು ಮೊದಲು ನೆನೆಸಿಕೊಳ್ಳಿರಿ, ಆಮೇಲೆ ಅಂಕಿಯನ್ನು ಬರೆಯಿರಿ ಎಂಬುದೇ ನಮ್ಮ ಉತ್ತರ.