ಶಾಲು ಸಾಲದು, ದಾರಿ ಉಳಿಯಬೇಕು

(ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಜನರು ನಡೆದಾಡುವ ದಾರಿಗಳನ್ನು ಮಾಡಿದವರಿಗೂ ಆ ದಾರಿಗಳಿಗಾಗಿ ಹೋರಾಡಿದವರಿಗೂ ಗೌರವ ಸಲ್ಲಿಸಲು ನಾವು ಇಲ್ಲಿ ಸೇರಿದ್ದೇವೆ. ಹಾರ ತುರಾಯಿಗಳನ್ನು ತಂದಿಲ್ಲ. ನಾವು ನಿಂತಿರುವ ಈ ಏರಿಯೇ ನಮಗೆ ವೇದಿಕೆ.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ? ದುಡಿಯುವವನಿಗೆ ವಾಯುಸೇವನೆ ಯಾತಕ್ಕೆ?" ಎಂದು ಕೆಲವರು ಕೇಳಿಯಾರು. ಅವರಿಗೆ ನಮ್ಮ ಉತ್ತರವಿದೆ. 1886ರಲ್ಲಿ ಷಿಕಾಗೋ ನಗರದ ಕಾರ್ಮಿಕರು ಕೇಳಿದ್ದು ಕೂಲಿಯೊಂದನ್ನೇ ಅಲ್ಲ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಉಳಿದ ಎಂಟು ಗಂಟೆ ನಮ್ಮದು ಎಂಬುದು ಅಂದಿನ ಕಾರ್ಮಿಕರ ಬೇಡಿಕೆ. ಆ ಮೂರನೆಯ ಎಂಟು ಗಂಟೆಯನ್ನು ಬಡವ ಎಲ್ಲಿ ಕಳೆಯಬೇಕು? ಉಳ್ಳವರಿಗೆ ಕ್ಲಬ್ಬುಂಟು, ಕಾರುಂಟು, ತೋಟದ ಮನೆಯುಂಟು. ದಿನವೆಲ್ಲ ಮಂಡಕ್ಕಿ ಭಟ್ಟಿಯ ಹೊಗೆ ಕುಡಿದವನಿಗೆ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನಿಗೆ, ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ಗಲ್ಲಾದ ಮುಂದೆ ಕೂತವನಿಗೆ ಏನುಂಟು? ಕೆರೆಯ ಏರಿಯುಂಟು, ಹೊಳೆಯ ದಂಡೆಯುಂಟು. ಕಾಸಿಲ್ಲದೆ ಸಿಗುವ ಸುಖ ಇವೆರಡೇ.

ಇಂಥವನ್ನು ಮಾಡಿದವರು ಯಾರು? ನಮ್ಮ ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದನೆಂದು ಎಲ್ಲರೂ ಬಲ್ಲರು. ಕಲ್ಲು ಹೊತ್ತವರ ಹೆಸರನ್ನು ಯಾರೂ ಅರಿಯರು. ಕನ್ನಡ ನಾಡಿನ ಶಾಸನಗಳು ಕೆರೆ ಕಟ್ಟಿಸಿದವನನ್ನು ಹೊಗಳುತ್ತವೆ, ಕೆಡಿಸಿದವನನ್ನು ಶಪಿಸುತ್ತವೆ. ಆದರೆ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ಏರಿ ಹಾಕಿದ ಹೆಂಗಸರು ಗಂಡಸರು ಆ ಕಲ್ಲಿನ ಮೇಲೆ ಕಾಣುವುದಿಲ್ಲ. ಇಂದಿಗೂ ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಯ ಹೆಸರಿರುತ್ತದೆ. ದಿನವೂ ಕಸ ಗುಡಿಸುವ ಪೌರಕಾರ್ಮಿಕರ ಹೆಸರಿರುವುದಿಲ್ಲ. ನಾವು ಮೊದಲ ನಮಸ್ಕಾರವನ್ನು ಆ ಹೆಸರಿಲ್ಲದವರಿಗೆ ಸಲ್ಲಿಸುತ್ತೇವೆ.

ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿಯ ಗಿರಣಿಗಳಲ್ಲಿ ಬಹುತೇಕ ಎಲ್ಲವೂ ಮುಚ್ಚಿದವು, ಹೆಸರು ಮಾತ್ರ ಉಳಿಯಿತು. ಆದರೆ ಆ ಮೂಲ ಮ್ಯಾಂಚೆಸ್ಟರಿನ ದುಡಿಯುವ ಯುವಕರು ಏನು ಮಾಡಿದರೆಂಬುದನ್ನು ನಾವು ತಿಳಿಯಬೇಕು. ಅವರ ಊರಿನ ಸಮೀಪ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಶ್ರೀಮಂತರು ಹಕ್ಕಿ ಬೇಟೆಯಾಡಲೆಂದು ಆ ಬೆಟ್ಟಕ್ಕೆ ಕಾವಲು ಹಾಕಿ ಜನರನ್ನು ತಡೆದಿದ್ದರು. 1932ರ ಏಪ್ರಿಲ್ 24ರ ಭಾನುವಾರ ಸುಮಾರು 400 ಮಂದಿ ಯುವಕ ಯುವತಿಯರು ಕಾವಲುಗಾರರನ್ನು ಲೆಕ್ಕಿಸದೆ ಬೆಟ್ಟ ಹತ್ತಿದರು. ಅವರ ಮುಂದಾಳು ಬೆನ್ನಿ ರಾತ್‌ಮನ್ ಎಂಬ 20 ವರ್ಷದ ತರುಣ. ಐವರಿಗೆ ಜೈಲಾಯಿತು, ರಾತ್‌ಮನ್‌ಗೆ ನಾಲ್ಕು ತಿಂಗಳು.

ಅದೇ ನಾಡಿನ ಟಾಮ್ ಸ್ಟೀಫನ್‌ಸನ್ 13ನೆಯ ವಯಸ್ಸಿನಲ್ಲಿಯೇ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ಸೇರಿದವರು. 1935ರಲ್ಲಿ ಅವರು ಕಾರ್ಮಿಕ ಪಕ್ಷದ ಪರವಾದ 'ಡೇಲಿ ಹೆರಾಲ್ಡ್' ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ಬೆಟ್ಟಗಳ ಸಾಲಿನುದ್ದಕ್ಕೂ ಜನರಿಗೊಂದು ಕಾಲುದಾರಿ ಬೇಕೆಂದರು. 1949ರಲ್ಲಿ ಕಾನೂನು ಬಂತು. 1965ರಲ್ಲಿ 'ಪೆನ್ನೈನ್ ವೇ' ಎಂಬ 268 ಮೈಲಿ ದಾರಿ ತೆರೆಯಿತು. ಕಾರ್ಮಿಕರ ಪತ್ರಿಕೆಯ ಒಂದು ಲೇಖನ ಮೂವತ್ತು ವರ್ಷಗಳಲ್ಲಿ ನೆಲದ ಮೇಲೆ ದಾರಿಯಾಯಿತು! ಆ ಬೆಟ್ಟದ ಒಡೆತನವಿದ್ದ ಮನೆತನದ ಡ್ಯೂಕ್ 2002ರಲ್ಲಿ ಕ್ಷಮೆ ಕೇಳಿದರು. ಕೇಳಿಸಿಕೊಳ್ಳಲು ರಾತ್‌ಮನ್ ಇರಲಿಲ್ಲ. ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದರು.

ದೂರದ ಮಾತಾಯಿತೆನ್ನಬೇಡಿ. ನಮ್ಮ ಹೊಳೆಯ ಆಚೆಗೂ ಇಂಥ ಹೋರಾಟ ನಡೆದಿದೆ. 1984ರಲ್ಲಿ ಸರ್ಕಾರವೂ ನಾರು ತಯಾರಿಸುವ ಖಾಸಗಿ ಕಂಪೆನಿಯೂ ಕೂಡಿ ನೀಲಗಿರಿ ಬೆಳೆಯಲು ಒಂದು ಸಂಸ್ಥೆ ಕಟ್ಟಿದವು. ಅದಕ್ಕಾಗಿ ಗೊತ್ತುಮಾಡಿದ್ದು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ. ಗೋಮಾಳಕ್ಕೆ ಬೇಲಿ ಬಿದ್ದರೆ ದನ ಹೋಗುವ ದಾರಿ, ಸೌದೆ ತರುವ ದಾರಿ, ಮಕ್ಕಳು ಆಡುವ ಬಯಲು ಎಲ್ಲವೂ ಹೋದಂತೆಯೇ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು 'ಕಿತ್ತಿಕೊ–ಹಚ್ಚಿಕೊ' ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ನಿಂತರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1991ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಬೇಕಾಯಿತು. ಕಾರ್ಖಾನೆಗಳಲ್ಲಿ ದುಡಿಯುವ ಸಂಗಾತಿಗಳ ಅನ್ನಕ್ಕೆ ನಾವು ವಿರೋಧಿಗಳಲ್ಲ. ಆದರೆ ಸಂಬಳ ಕೊಡುತ್ತೇವೆಂದು ಹೇಳಿ ಊರಿನ ನೆಲ ಕೇಳುವುದು ನ್ಯಾಯವಲ್ಲ.

ಇನ್ನು ಸಾಲುಮರದ ತಿಮ್ಮಕ್ಕನವರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನವರು, ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದವರು, ಶಾಲೆಯ ಮೆಟ್ಟಿಲು ಹತ್ತದವರು. ಪತಿ ಚಿಕ್ಕಯ್ಯನವರೊಡನೆ ಬಿಂದಿಗೆಯಲ್ಲಿ ನೀರು ಹೊತ್ತು, ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರ ಬೆಳೆಸಿದರು. ನಡೆಯುವವನ ತಲೆಯ ಮೇಲೆ ನೆರಳು ಹಿಡಿದವರು ಇವರು. 2019ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅದೇ 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯಿಂದ ಅದೇ ಮರಗಳಿಗೆ ಕುತ್ತು ಬಂತು! ನೂರು ದಾಟಿದ ಆ ತಾಯಿಯೇ ಮುಖ್ಯಮಂತ್ರಿಗೆ ಮೊರೆಯಿಡಬೇಕಾಯಿತು. ಆಮೇಲೆ ಮರಗಳನ್ನು ಉಳಿಸುವ ಭರವಸೆ ಸಿಕ್ಕಿತು. 2025ರಲ್ಲಿ ಅವರು ನಮ್ಮನ್ನಗಲಿದರು. ಒಂದು ಕೈ ಶಾಲು ಹೊದಿಸುತ್ತದೆ, ಇನ್ನೊಂದು ಕೈ ಕೊಡಲಿ ಎತ್ತುತ್ತದೆ. ಇದು ಸನ್ಮಾನವೇ?

ಆದ್ದರಿಂದ, ಬಂಧುಗಳೇ, ದಾರಿ ಮಾಡಿದವರಿಗೆ ಸಲ್ಲುವ ನಿಜವಾದ ಗೌರವವೆಂದರೆ ಆ ದಾರಿ ಎಲ್ಲರಿಗೂ ತೆರೆದಿರುವುದು. ಈ ಸಭೆಯ ಮುಂದೆ ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ.

ಒಂದು: ಕೆರೆ ಏರಿಗಾಗಲಿ ಹೊಳೆ ದಂಡೆಗಾಗಲಿ ಎಂದೂ ಟಿಕೆಟ್ ಇಡಕೂಡದು. ಈ ಕೆರೆಯ ನೀರನ್ನು ಊರೆಲ್ಲ ಕುಡಿಯುತ್ತದೆ, ಏರಿಯೂ ಊರಿನದೇ.

ಎರಡು: ದಾರಿಯ ವೇಳೆಯನ್ನು ಕಚೇರಿಯವರ ಅನುಕೂಲವೊಂದನ್ನೇ ನೋಡಿ ಗೊತ್ತುಮಾಡಬಾರದು. ರಾತ್ರಿ ಪಾಳಿ ಮುಗಿಸಿ ಬಂದವನಿಗೂ ಅಂಗಡಿ ಬಾಗಿಲು ಹಾಕಿ ಬಂದವನಿಗೂ ಅಲ್ಲಿ ಜಾಗವಿರಲಿ. ಹೆಂಗಸರು ನಿರ್ಭಯವಾಗಿ ನಡೆಯುವಂತೆ ದೀಪಗಳಿರಲಿ. ಚಹಾದ ಗಾಡಿಯವನನ್ನು, ಕಡಲೆಕಾಯಿ ಮಾರುವವಳನ್ನು ಅಂದಗೆಡಿಸುತ್ತಾರೆಂದು ಓಡಿಸಬಾರದು.

ಮೂರು: ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಒಳ್ಳೆಯ ಕಾಲುದಾರಿಯಾಗಲಿ. ಚರಂಡಿಯ ನೀರು ಹೊಳೆಗೆ ಬೀಳದಿರಲಿ. ದಾವಣಗೆರೆಯಿಂದ ಬಾತಿಯ ಮೇಲೆ ಹರಿಹರದವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಪ್ರತ್ಯೇಕ ದಾರಿಯಾಗಲಿ. ಲಾರಿಯ ಗಾಲಿಗೆ ಅಂಜಿ ಬದುಕುವ ಸ್ಥಿತಿ ತಪ್ಪಲಿ.

ನಾಲ್ಕು: ಇಲ್ಲಿ ಒಂದು ಕಲ್ಲು ನೆಡುವುದಾದರೆ, ಮಣ್ಣು ಹೊತ್ತವರ, ಸಸಿಗೆ ನೀರು ಹಾಕಿದವರ, ಕಸ ಗುಡಿಸಿದವರ ಹೆಸರುಗಳು ಅದರ ಮೇಲಿರಲಿ.

ಇವು ದೊಡ್ಡ ಬೇಡಿಕೆಗಳಲ್ಲ. ಆದರೂ ಬೇಡಿದಾಕ್ಷಣ ಯಾರೂ ಕೊಡುವುದಿಲ್ಲ. ನಡೆಯುವವರು ಇಲ್ಲದ ದಾರಿಯನ್ನು ಮುಳ್ಳು ಮುಚ್ಚುತ್ತದೆ; ಕೇಳುವವರು ಇಲ್ಲದ ದಾರಿಯನ್ನು ಬೇಲಿ ಮುಚ್ಚುತ್ತದೆ. ನಾಳೆಯಿಂದ ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಬನ್ನಿ. ನಡೆಯೋಣ, ಮತ್ತು ಕೇಳೋಣ.